ಹೊತ್ತು ಮುಳುಗುವ ಮೊದಲಿನ ಗುಳಿಗೆ

ಆಸ್ಪತ್ರೆಯ ಕತೆ ಎಲ್ಲಿ ಸಿಕ್ಕರೂ ನಾನು ಬಿಡದೆ ಓದುತ್ತೇನೆ. ತಾನು ಬಾಳಿದ ಊರಿನ ಬಗ್ಗೆ ಬೇರೆಯವರು ಬರೆದದ್ದನ್ನು ಓದುವವರ ಹಾಗೆ, ಓಣಿ ಸರಿಯಾಗಿದೆಯೋ, ಬಾವಿ ಅಲ್ಲೇ ಇದೆಯೋ ಎಂದು ನೋಡುತ್ತ ಓದುತ್ತೇನೆ. ಔಷಧದ ವಾಸನೆ, ಬಿಳಿ ಚಾದರ, ಕಿಟಕಿಯಾಚೆಯ ಮರ ಎಲ್ಲ ಸರಿಯಾಗಿಯೇ ಇರುತ್ತವೆ. ಡಾಕ್ಟರರ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಕತೆಯ ಡಾಕ್ಟರು ಒಂದೋ ರೋಗಿಯ ತಲೆ ನೇವರಿಸುವ ದೇವರು, ಇಲ್ಲವೇ ಕಲ್ಲು. ನನ್ನನ್ನು ಉಳಿಸಿದ ಡಾಕ್ಟರು ನನ್ನ ತಲೆ ನೇವರಿಸಲಿಲ್ಲ, ಮುಖವನ್ನೂ ನೋಡುತ್ತಿರಲಿಲ್ಲ. ಹಾಗಂತ ಕಲ್ಲು ಎನ್ನಲು ನನಗೆ ಬಾಯಿ ಬರುವುದಿಲ್ಲ. ಈಗಲೂ, ನಾನು ವಾಸವಾಗಿರುವ ಗಡಹಿಂಗ್ಲಜದ ದವಾಖಾನೆಯಲ್ಲಿ ಎಕ್ಸ್‌ರೇ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಹೆಣ್ಣುಮಕ್ಕಳು ಕಂಡರೆ ನಾನು ಪಕ್ಕದಲ್ಲಿ ಹೋಗಿ ಕೂಡುತ್ತೇನೆ. ಹಾಗೆ ಪಕ್ಕದಲ್ಲಿ ಕೂಡಲು ಸಿಗದವರಿಗಾಗಿ ಇದನ್ನು ಬರೆದಿದ್ದೇನೆ.

ನನ್ನ ರೋಗ ಕ್ಷಯ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಮನೆ. ಯಜಮಾನರು ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್, ಅಂದರೆ ಕೆಟ್ಟ ಮಗ್ಗಗಳನ್ನು ದುರಸ್ತಿ ಮಾಡುವವರು. ನಾನು ಕನ್ನಡ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಅಕ್ಕಾವ್ರು. ಎಳವೆಯಲ್ಲೇ ತಾಯಿ ತೀರಿಕೊಂಡದ್ದರಿಂದ ನಾನು ಬೆಳೆದದ್ದು ಜೈನ ಹೆಣ್ಣುಮಕ್ಕಳ ಆಶ್ರಮದಲ್ಲಿ. ಗಂಟೆ ಬಾರಿಸಿದಾಗ ಏಳಬೇಕು, ಗಂಟೆ ಬಾರಿಸಿದಾಗ ಮೀಯಬೇಕು, ಹಾಸಿಗೆಯ ಮಡಿಕೆ ಸೊಟ್ಟಗಾದರೆ ಬಿಚ್ಚಿ ಮತ್ತೆ ಮಡಚಬೇಕು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರಿಲ್ಲ. ಇದನ್ನು ಯಾರೂ ನನಗೆ ವ್ರತ ಎಂದು ಹೇಳಿಕೊಡಲಿಲ್ಲ. ಹಲ್ಲುಜ್ಜುವ ಹಾಗೆ ರೂಢಿಯಾಯಿತು. ಮದುವೆಯಾಗಿ ಬಂದ ಮನೆಯಲ್ಲೂ ಅದೇ ಪದ್ಧತಿ, ಹಾಗಾಗಿ ನಾನು ಬದಲಾಗುವ ಪ್ರಸಂಗವೇ ಬರಲಿಲ್ಲ.

ಕೆಮ್ಮು ಹತ್ತಿಯ ಧೂಳಿನದು ಎಂದುಕೊಂಡಿದ್ದೆ. ಒಂದು ದಿನ ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದಾಗ ಸೆರಗಿಗೆ ರಕ್ತ ಬಂತು. ಮಕ್ಕಳು ಮಗ್ಗಿ ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಪೂರ್ತಿ ಹೇಳಿಸಿ, ಸೆರಗನ್ನು ಒಳಗೆ ಮಡಚಿಕೊಂಡು, ಹೆಡ್‌ಮಾಸ್ತರರ ಹತ್ತಿರ ಹೋಗಿ ರಜೆ ಕೇಳಿದೆ.

ಎಕ್ಸ್‌ರೇ ತೆಗೆಸಲು ಕೊಲ್ಲಾಪುರಕ್ಕೆ ಹೋದೆವು. ಎದೆಯ ರೋಗದ ಆಸ್ಪತ್ರೆಯ ಆ ಬೆಂಚನ್ನು ನಾನು ಮರೆತಿಲ್ಲ. ಬಂದವರೆಲ್ಲ ಕೆಮ್ಮಿನವರೇ. ಆದರೆ ಒಬ್ಬರೂ ಕೆಮ್ಮುತ್ತಿರಲಿಲ್ಲ! ಕೆಮ್ಮಿದರೆ ಪಕ್ಕದವರು ದೂರ ಸರಿದಾರು ಎಂದು ಎಲ್ಲರೂ ಕೆಮ್ಮನ್ನು ನುಂಗಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದರು. ಕೊನೆಗೆ ಮೂಲೆಯಲ್ಲಿದ್ದ ಕೆಂಪು ರುಮಾಲಿನ ಮುದುಕರೊಬ್ಬರಿಗೆ ತಡೆಯದೆ ದೊಡ್ಡದಾಗಿ ಬಂದುಬಿಟ್ಟಿತು. ಅದನ್ನೇ ಕಾಯುತ್ತಿದ್ದೆವು ಎಂಬಂತೆ ಬೆಂಚಿಗೆ ಬೆಂಚೇ ಕೆಮ್ಮಿತು. ಆಮೇಲೆ ಎಲ್ಲರಿಗೂ ನಗು. ಅವರ ಸಲಿಗೆಯಿಂದ ನನ್ನ ಭಯ ಅರ್ಧ ಇಳಿಯಿತು.

ಉಳಿದ ಅರ್ಧ ಡಾಕ್ಟರರ ಕೋಣೆಯಲ್ಲಿ ಇಮ್ಮಡಿಯಾಯಿತು. ಅವರು ಮರಾಠಿಯವರು, ತೆಳ್ಳಗೆ, ಎತ್ತರ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಅದರೊಂದಿಗೇ ಮಾತಾಡುವವರಂತೆ ಮರಾಠಿಯಲ್ಲಿ ಹೇಳಿದರು: "ಎಡಗಡೆ ತೂತು ಬಿದ್ದಿದೆ. ಔಷಧಿಯಿಂದ ಮುಚ್ಚಿದರೆ ಮುಚ್ಚಿತು. ಮುಚ್ಚದಿದ್ದರೆ ಪಕ್ಕೆಲುಬು ತೆಗೆಯಬೇಕು. ತೆಗೆದರೆ ಶಾಲೆಯ ಕೆಲಸ ಆಗುವುದಿಲ್ಲ."

ಇಷ್ಟೇ. ಆಮೇಲೆ ಮುಂದಿನವರ ಹೆಸರು ಕೂಗಿದರು.

ಶಾಲೆ ನನಗೆ ಬರೀ ಸಂಬಳವಾಗಿರಲಿಲ್ಲ. ಆಶ್ರಮದಿಂದ ಹೊರಬಿದ್ದ ಮೇಲೆ ನನ್ನದು ಎಂದು ನಾನು ಸಂಪಾದಿಸಿಕೊಂಡದ್ದು ಅದೊಂದೇ. ಹೊರಗೆ ಬಂದಾಗ ಯಜಮಾನರು ಎಕ್ಸ್‌ರೇ ಲಕೋಟೆ ಮಡಚೀತೆಂದು ಅಂಗಿಯೊಳಗೆ, ಎದೆಗೆ ಒತ್ತಿ ಇಟ್ಟುಕೊಂಡರು. ಮಗ್ಗದ ಸದ್ದು ಕೇಳಿಯೇ ದೋಷ ಎಲ್ಲಿದೆ ಎಂದು ಹೇಳುವ ಮನುಷ್ಯ. ಎಸ್‌ಟಿ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ, ಹೆಗಲಿಗೆ ಹೆಗಲು ತಾಗಿಸಿ ಕೂತು ಒಂದೇ ಮಾತು ಹೇಳಿದರು.

"ಮುಚ್ಚತೈತಿ."

ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಓಣಿಯ ಹೆಂಗಸರೂ ಅಷ್ಟು ದೂರದಲ್ಲಿ ಏನೋ ಕೆಲಸವಿದ್ದಂತೆ ನಿಂತಿದ್ದರು. ಕ್ಷಯ ಎಂದರೆ ಜನ ಬಾಯಿಗೆ ಸೆರಗು ಮುಚ್ಚಿಕೊಳ್ಳುತ್ತಿದ್ದ ಕಾಲ. ನಾನು ಪಿಸುಗುಟ್ಟಲು ಹೋದೆ.

"ಯಾಕ ಕಿವ್ಯಾಗ ಹೇಳ್ತಿ? ಕಳವು ಮಾಡಿ ಏನ?" ಎಂದರು ಅತ್ತೆ. ಆಮೇಲೆ ಓಣಿಗೆ ಕೇಳುವ ಹಾಗೆ, "ನಮ್ಮ ಪದ್ಮಾಗ ಟೀಬಿ ಆಗೈತ್ರೆವಾ. ಔಷಧ ಐತಿ, ಆರಾಮ ಅಕ್ಕಾಳ. ಇನ್ನ ಮನಿಗಿ ಹೋಗ್ರಿ, ನಿಮ್ಮ ಒಲಿ ಮ್ಯಾಲಿನ ಹಾಲು ಉಕ್ಕಾಕತ್ತಾವ," ಎಂದರು. ಹೆಂಗಸರು ಹೋದರು. ಕೆಲವರು ಆಮೇಲೆ ನಮ್ಮ ಮನೆಯ ಮಜ್ಜಿಗೆ ಒಯ್ಯುವುದನ್ನು ಬಿಟ್ಟರು. ಅತ್ತೆ ಅಂಥವರ ಪಾಲಿನದನ್ನು ನನಗೇ ಕುಡಿಸಿದರು.

ನನ್ನನ್ನು ಕೊಲ್ಲಾಪುರದ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಸೇರಿಸಿದರು. ಅತ್ತೆ ಹತ್ತಿರದ ಬಸದಿಯ ಧರ್ಮಶಾಲೆಯಲ್ಲಿ ಒಂದು ಕೋಣೆ ಹಿಡಿದು, ಅಲ್ಲೇ ಅಡುಗೆ ಮಾಡಿ ಡಬ್ಬಿ ತರತೊಡಗಿದರು. ಪಕ್ಕದ ಕಾಟಿನಲ್ಲಿ ಗಂಗವ್ವ. ಗಡಹಿಂಗ್ಲಜದಾಚೆಯ ನೇಸರಿಯವಳು, ಲಿಂಗಾಯತರ ಒಕ್ಕಲುತನದ ಮನೆಯ ಸೊಸೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ನಾನು ಅಕ್ಕಾವ್ರು ಎಂದು ತಿಳಿದದ್ದೇ ಹೇಳಿದಳು: "ಚಲೋ ಆತ ಬಿಡ್ರಿ ಅಕ್ಕಾವ್ರ. ಸಾಲಿ ಕಲೀದೇ ಸಾಯತೇನಿ ಅಂತ ಮಾಡಿದ್ಯಾ. ಸಾಯೂದರಾಗ ಸಹಿ ಮಾಡೂದರ ಕಲಸ್ರಿ."

"ಸಾಯೋ ಮಾತ ಆಡಿದ್ರ ಕಲಸಂಗಿಲ್ಲ."

"ಹಂಗಾರ ಬದುಕತೇನಿ, ಕಲಸ್ರಿ."

ಡಾಕ್ಟರರು ಬೆಳಿಗ್ಗೆ ಬರುತ್ತಿದ್ದರು. ವಾರ್ಡಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಕಾಟಿನ ನಂಬರೇ ಹೆಸರು. ಬೆನ್ನಿಗೆ ಸ್ಟೆಥಸ್ಕೋಪು ಇಟ್ಟು "ಶ್ವಾಸ ಘ್ಯಾ" ಅನ್ನುವರು. ಉಸಿರು ಎಳೆದುಕೊಂಡರೆ "ಸೋಡಾ" ಅನ್ನುವರು, ಬಿಡಿ ಎಂದು. ಅವರು ಮುಂದೆ ಹೋದಮೇಲೆ ಗಂಗವ್ವ, "ದಿನಾ ಸೋಡಾ ಸೋಡಾ ಅಂತಾನ, ಒಂದ್ ದಿನ ಬಾಟ್ಲಿ ತಂದಿಲ್ಲ ನೋಡ ಮೂಳ," ಎನ್ನುವಳು. ನಗಲು ನಮಗೆ ಅಪ್ಪಣೆ ಇರಲಿಲ್ಲ. ನಕ್ಕರೆ ಕೆಮ್ಮು ಬರುತ್ತಿತ್ತು. ದಿಂಬು ಬಾಯಿಗೊತ್ತಿಕೊಂಡು ನಗುತ್ತಿದ್ದೆವು.

ಸೇರಿದ ಸಂಜೆಯೇ ತೊಡಕು ಹುಟ್ಟಿತು. ಸೂಜಿ ಬೆಳಿಗ್ಗೆ ಮುಗಿಯುತ್ತಿತ್ತು. ಆದರೆ ಅಂಗಿಯ ಗುಂಡಿಯಷ್ಟು ದೊಡ್ಡ ಗುಳಿಗೆಗಳನ್ನು ಎರಡು ಹೊತ್ತೂ ಊಟದ ಮೇಲೆ ನುಂಗಬೇಕು, ಖಾಲಿ ಹೊಟ್ಟೆಗೆ ಬಿದ್ದರೆ ಉರಿ. ವಾರ್ಡಿನ ಸಂಜೆಯ ಊಟ ಬರುತ್ತಿದ್ದುದು ದೀಪ ಹಚ್ಚಿದ ಮೇಲೆ, ಗುಳಿಗೆ ಅದರ ಹಿಂದೆ. ನಾನು ಅತ್ತೆಯ ಡಬ್ಬಿಯನ್ನು ಹೊತ್ತಿರುವಾಗಲೇ ಉಂಡು ಬಾಯಿ ತೊಳೆದುಕೊಂಡಿದ್ದೆ. ಸಿಸ್ಟರು ಗುಳಿಗೆ, ನೀರು ತಂದರು.

ನಾನು, "ಹೊತ್ತು ಮುಳುಗಿದೆ. ನಾನು ಏನೂ ತೊಗೊಳ್ಳುವುದಿಲ್ಲ," ಎಂದೆ.

"ಇದು ಊಟ ಅಲ್ಲ, ಔಷಧ."

"ನುಂಗಲು ನೀರು ಬೇಕಲ್ಲ."

ಸಿಸ್ಟರು ಒಳ್ಳೆಯವರು, ಆದರೆ ಸಿಟ್ಟಿನವರು. ಬೇಡಿದರು, ಬೈದರು, ಕೊನೆಗೆ ಗುಳಿಗೆಯನ್ನು ವಾಪಸು ಒಯ್ದು, "ನಾಳೆ ಡಾಕ್ಟರಿಗೆ ನೀವೇ ಉತ್ತರ ಕೊಡಿ. ಔಷಧ ತೊಗೊಳ್ಳದವರಿಗೆ ಇಲ್ಲಿ ಕಾಟು ಸಿಗುವುದಿಲ್ಲ," ಎಂದರು. ಆಗತಾನೇ ಭೇಟಿಗೆ ಬಂದಿದ್ದ ಯಜಮಾನರು ಇದನ್ನು ಕೇಳಿಸಿಕೊಂಡು, ನೇರ ಧರ್ಮಶಾಲೆಗೆ ಹೋಗಿ ಅತ್ತೆಗೆ ವರದಿ ಒಪ್ಪಿಸಿದರು.

ಮರುದಿನ ಬೆಳಿಗ್ಗೆ ಡಾಕ್ಟರರು ನನ್ನ ಕಾಟಿಗೆ ಬಂದರು. ಸಿಸ್ಟರು ಎಲ್ಲವನ್ನೂ ಹೇಳಿದರು. ನಾನು ಉತ್ತರ ತಯಾರು ಮಾಡಿಕೊಂಡಿದ್ದೆ: ಧರ್ಮ, ಆಶ್ರಮ, ರೂಢಿ, ಎಲ್ಲ ಶುದ್ಧ ಮರಾಠಿಯಲ್ಲಿ. ಅವರು ನನ್ನನ್ನು ಏನೂ ಕೇಳಲಿಲ್ಲ. ಸಿಸ್ಟರನ್ನು ಕೇಳಿದರು.

"ಹೊತ್ತು ಯಾವಾಗ ಮುಳುಗುತ್ತದೆ?"

ಸಿಸ್ಟರಿಗೆ ಗೊತ್ತಿರಲಿಲ್ಲ. ಆ ವಾರ್ಡಿನ ಕಿಟಕಿಗಳೆಲ್ಲ ಮೂಡಣಕ್ಕಿದ್ದವು. ನಾನು ಹೇಳಿದೆ. ಡಾಕ್ಟರರು ತುಸು ಯೋಚಿಸಿದರು. ಒಬ್ಬಳಿಗೊಂದು ವೇಳೆ, ಉಳಿದವರಿಗೊಂದು ವೇಳೆ ಎಂದಾದರೆ ಗುಳಿಗೆ ತಪ್ಪುತ್ತವೆ ಎಂದರು. "ಸಂಜೆಯ ಊಟ ಮುಂಚೆ ತರಿಸಿ. ಇಡೀ ವಾರ್ಡಿಗೆ. ಹಿಂದೆಯೇ ಗುಳಿಗೆ." ಅಷ್ಟು ಹೇಳಿ ನನ್ನ ಬೆನ್ನಿಗೆ ಸ್ಟೆಥಸ್ಕೋಪು ಇಟ್ಟರು. "ಶ್ವಾಸ ಘ್ಯಾ."

ನನ್ನ ಶುದ್ಧ ಮರಾಠಿ ಬಾಯಲ್ಲೇ ಉಳಿಯಿತು. ಪದ್ಧತಿಯಲ್ಲಿ ಬೆಳೆದವಳು ನಾನು, ಪದ್ಧತಿಯನ್ನು ಮುರಿಯದೆ ಸರಿಸಿದ ಆ ಕೈಚಳಕವನ್ನು ನೋಡಿ ಒಳಗೊಳಗೇ ಭೇಷ್ ಎಂದೆ.

ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ವಾರ್ಡಿಗೆ ಬಂದರು. ಸೊಸೆಯನ್ನು ಹೊರಹಾಕುತ್ತಾರೆ ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆಳಗಾದದ್ದೇ ಬಸದಿಗೆ ಹೋಗಿ ಸ್ವಾಮಿಯ ಮುಂದೆ ನಿಂತು ತ್ಯಾಗ ಹೇಳಿಕೊಂಡು ಬಂದಿದ್ದರು.

"ಪದ್ಮಾ, ನೀ ರಾತ್ರಿ ಗುಳಿಗಿ ತೊಗೋ. ಆ ಪಾಪ ನಂದು. ತೂತು ಮುಚ್ಚೂ ತನಕ ನಾ ಸಿಹಿ ಬಿಟ್ಟೇನಿ. ಬೆಲ್ಲ ಇಲ್ಲ, ಸಕ್ಕರಿ ಇಲ್ಲ."

ನಮ್ಮ ಮನೆಗಳಲ್ಲಿ ತುಪ್ಪ, ಉಪ್ಪು, ಸಿಹಿ ಹೀಗೆ ಒಂದೊಂದು ರುಚಿಯನ್ನು ಬಿಡುವುದು ಹೊಸದಲ್ಲ. ಆದರೆ ಒಬ್ಬರ ಕರ್ಮವನ್ನು ಇನ್ನೊಬ್ಬರು ಹೊರುವ ಮಾತು ನಮ್ಮ ಧರ್ಮದಲ್ಲೇ ಇಲ್ಲ. ಮಾಡಿದವರೇ ಉಣ್ಣಬೇಕು.

"ಅತ್ತಿ, ಕರ್ಮ ಹಂಗ ವರ್ಗಾ ಮಾಡಿಕೊಳ್ಳಾಕ ಬರತೈತೇನ್ರಿ?"

"ಬರಂಗಿಲ್ಲಂತ ನಂಗ ಗೊತ್ತಿಲ್ಲೇನ? ಕೇಳಿ ನೋಡಾಕ ಏನಾತು?"

"ಡಾಕ್ಟರು ಊಟಾನ ಮುಂಚೆ ಮಾಡ್ಯಾರ್ರಿ. ರಾತ್ರಿ ಗುಳಿಗಿನ ಇಲ್ಲ ಈಗ."

ಅತ್ತೆ ಕಾಟಿನ ತುದಿಗೆ ಕುಸಿದು ಕೂತರು. ಹೇಳಿಕೊಂಡ ತ್ಯಾಗವನ್ನು ಹಿಂದೆಗೆಯಲು ಬರುವುದಿಲ್ಲ. ಚಹಾದಲ್ಲಿ ಸಕ್ಕರೆ ಕರಗದಷ್ಟು ಹಾಕಿಕೊಂಡು, ಕಡೆಗೆ ತಳವನ್ನು ಬೆರಳಿನಿಂದ ನೆಕ್ಕುವವರು ನಮ್ಮ ಅತ್ತೆ. ಗಂಗವ್ವ ದಿಂಬು ಹುಡುಕಿದಳು.

"ಆಯಿ, ಒಂದ್ ತಾಸ ತಡದ ಹೋಗಿದ್ರ ಸಕ್ಕರಿ ಉಳೀತಿತ್ತಲ್ರಿ!"

"ನಗ ನಗ. ನಿನ್ನ ತೂತಿಗೂ ಯಾರರ ಉಪ್ಪ ಬಿಡ್ಲಿ."

ಅಂದಿನಿಂದ ನನ್ನ ತೂತು ವಾರ್ಡಿನ ಆಸ್ತಿಯಾಯಿತು. ಬೆಳಿಗ್ಗೆ ಎದ್ದವರು ಮೊದಲು ಕೇಳುತ್ತಿದ್ದುದು, "ಆಯಿ ಚಹಾ ಹೆಂಗ ಕುಡದ್ರು?" ಗಂಗವ್ವನ ಮನೆಯವರು ಹೊಸ ಬೆಲ್ಲದ ಮುದ್ದೆ ತಂದುಕೊಟ್ಟಾಗ ಅವಳು ಅದನ್ನು ಅತ್ತೆಯ ಮೂಗಿನ ತನಕ ಒಯ್ದಳು.

"ನಮ್ಮ ನೇಸರಿ ಗಾಣದ್ದರಿ ಆಯಿ. ತಿನಬ್ಯಾಡ್ರಿ, ಮೂಸರ ನೋಡ್ರಿ."

"ಆಚೆ ಒಯ್ಯ ಹಾಳಾದಾಕಿ! ಮೂಸಿದ್ರೂ ನಾಲಿಗಿಗೆ ಗೊತ್ತ ಆಕ್ಕತಿ."

ಮುಂಚೆ ಬರುವ ಊಟಕ್ಕೆ ಮೊದಮೊದಲು ವಾರ್ಡು ಗೊಣಗಿತು. "ಅಕ್ಕಾವ್ರ ದೇವರ ಸಲುವಾಗಿ ನಾವು ಕೋಳಿ ಕೂಡ ಮಲಗಬೇಕಾತು" ಎಂದರು. ಆಮೇಲೆ ಒಂದೊಂದೇ ತಟ್ಟೆ ಹೊರಗಿನ ಪಡಸಾಲೆಗೆ ಬಂತು. ಅದು ಪಡುವಣಕ್ಕಿತ್ತು. ಕೆಂಪು ಬಿಸಿಲು ತಟ್ಟೆಯ ಮೇಲೆ ಬೀಳುತ್ತಿತ್ತು. ಮಬ್ಬು ದೀಪದಲ್ಲಿ ಗೋಡೆ ನೋಡುತ್ತ ಉಣ್ಣುತ್ತಿದ್ದವರು ಈಗ ಎದುರು ಬದುರು ಕೂತು, ಪಲ್ಯ ಅದಲು ಬದಲು ಮಾಡಿಕೊಂಡು ಉಣ್ಣತೊಡಗಿದರು. ರೋಗ ಬಂದ ಮೇಲೆ ಅವರ ಮನೆಗಳಲ್ಲಿ ಅವರ ತಟ್ಟೆಯನ್ನು ಬೇರೆ ಇಡುತ್ತಿದ್ದರು. ಎಷ್ಟೋ ಜನ ಪಂಕ್ತಿಯಲ್ಲಿ ಕೂತು ಉಂಡು ಬಹಳ ದಿನಗಳಾಗಿದ್ದವು. ಬಿಸಿಲಿನಲ್ಲಿ ಉಂಡ ಆ ಊಟಗಳಷ್ಟು ರುಚಿಯಾದ ಊಟವನ್ನು ನಾನು ಮದುವೆ ಮನೆಯಲ್ಲೂ ಉಂಡಿಲ್ಲ.

ಉಂಡಾದ ಮೇಲೆ ಹೊತ್ತು ಉಳಿಯುತ್ತಿತ್ತು. ಯಜಮಾನರು ಇಚಲಕರಂಜಿಯಿಂದ ಹಳೆಯ ಮಾಸಪತ್ರಿಕೆಗಳನ್ನು ತಂದುಕೊಡುತ್ತಿದ್ದರು. ನಾನು ಮೆಲುದನಿಯಲ್ಲಿ ಓದಿ, ಮರಾಠಿಯವರಿಗೆ ಮರಾಠಿಯಲ್ಲಿ ಹೇಳುತ್ತಿದ್ದೆ. ಅದರಲ್ಲಿ ಒಂದು ಆಸ್ಪತ್ರೆಯ ಕತೆ ಇತ್ತು. ಕತೆಯ ಡಾಕ್ಟರು ರೋಗಿಯ ಕೈ ಹಿಡಿದು ಬೆಳಗಿನ ತನಕ ಅಳುತ್ತಾನೆ. ಅವಳು ಅವನ ತೋಳಿನಲ್ಲೇ ಪ್ರಾಣ ಬಿಡುತ್ತಾಳೆ. ಓದಿ ಮುಗಿಸಿದಾಗ ಅರ್ಧ ವಾರ್ಡು ಕಣ್ಣೊರೆಸಿಕೊಳ್ಳುತ್ತಿತ್ತು.

ಗಂಗವ್ವ ಮಾತ್ರ ಅಳಲಿಲ್ಲ. "ಅಕಿ ಸತ್ಲಲ್ರಿ? ಇಂವ ಅತ್ತು ಏನ್ ಮಾಡಿದಾ?"

"ಕರುಣಾ ಇತ್ತಲ್ಲ ಗಂಗವ್ವಾ. ನಮ್ಮ ಡಾಕ್ಟರಂಗ ಮಾರಿ ತಿರುವಲಿಲ್ಲ."

"ಅಳಾಕ ನಮ್ಮವ್ವ ಅದಾಳ, ತಂಗಿ ಅದಾಳ. ಊರ ತುಂಬ ಅಳಾವ್ರ ಅದಾರ್ರಿ. ಅಳೂ ಹೊತ್ತಿನ್ಯಾಗ ಒಂದ್ ಸೂಜಿ ಚುಚ್ಚಿದ್ರ ಬದಕತಿದ್ದಳೋ ಏನೋ." ಆಮೇಲೆ ಅವಳೇ ಹೇಳಿದಳು: "ಆದ್ರೂ ನಮ್ಮನ್ನ ಹೆಸರ ಹಿಡದ ಒಂದ್ ಸಲ ಕರದ್ರ ಈ ಡಾಕ್ಟರನ ಗಂಟ ಏನ ಹೋಗ್ತಿತ್ತು?"

ಆ ಪ್ರಶ್ನೆಯನ್ನು ನಾನು ಈಗಲೂ ಕೇಳಿಕೊಳ್ಳುತ್ತೇನೆ.

ಮೂಲೆಯ ಕಾಟಿನಲ್ಲಿ ಒಂದು ಹುಡುಗಿ ಇದ್ದಳು. ರೋಗ ಬಲಿತ ಮೇಲೆ ತಡವಾಗಿ ಬಂದವಳು. ಪಡಸಾಲೆಯ ಊಟಕ್ಕೆ ಅವಳನ್ನು ಎತ್ತಿಕೊಂಡು ಬರುತ್ತಿದ್ದೆವು. ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ಡಾಕ್ಟರರು ಬಂದರು, ನೋಡಿದರು, ಚಾದರವನ್ನು ಮುಖದ ಮೇಲೆ ಎಳೆದರು, ಮುಂದಿನ ಕಾಟಿಗೆ ನಡೆದು "ಶ್ವಾಸ ಘ್ಯಾ" ಎಂದರು. ವಾರ್ಡು ಬುಸುಗುಟ್ಟಿತು. "ಕಲ್ಲ ಐತಿ ಎದ್ಯಾಗ" ಎಂದು ಗಂಗವ್ವ ಕೇಳಿಸುವಂತೆಯೇ ಅಂದಳು. ಅವರು ನನ್ನಲ್ಲಿಗೆ ಬಂದರು. ನಾನೂ ಸಿಟ್ಟಿನಿಂದ ಬೆನ್ನು ತಿರುಗಿಸಿ ಕೂತೆ. ಸ್ಟೆಥಸ್ಕೋಪು ಬೆನ್ನಿನ ಮೇಲೆ ಒಂದು ಕಡೆ ನಿಂತಿತು. ಉಸಿರು ತೊಗೊಂಡೆ, ಬಿಟ್ಟೆ. "ಮತ್ತೆ" ಎಂದರು. ಮತ್ತೆ ತೊಗೊಂಡೆ. ಅದು ಅಲುಗಲಿಲ್ಲ. ದಿನದ ಲೆಕ್ಕಕ್ಕಿಂತ ಬಹಳ ಹೊತ್ತು ಅವರು ನನ್ನ ಉಸಿರನ್ನು ಕೇಳುತ್ತಲೇ ನಿಂತರು. ಆಮೇಲೆ ಗಂಗವ್ವನ ಕಾಟಿಗೆ ಹೋದರು. ಅವಳ ಉಸಿರನ್ನೂ ಹಾಗೆಯೇ ಕೇಳಿದರು. ಗಂಗವ್ವ ಅಂದು ಸೋಡಾದ ಮಾತು ಎತ್ತಲಿಲ್ಲ.

ಬೇಸಿಗೆ ಬಂತು. ಮತ್ತೊಂದು ಎಕ್ಸ್‌ರೇ ತೆಗೆದರು. ಇದರ ಮೇಲೆ ಎಲ್ಲವೂ ನಿಂತಿತ್ತು: ಔಷಧವೋ, ಪಕ್ಕೆಲುಬೋ. ಯಜಮಾನರು ಶೆಡ್ಡಿಗೆ ರಜೆ ಹಾಕಿ ಬಂದು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಕಾಟಿನ ಪಕ್ಕ ಜಪದ ಮಾಲೆ ಹಿಡಿದಿದ್ದರು, ಮಣಿ ಸರಿಯುತ್ತಿರಲಿಲ್ಲ. ಡಾಕ್ಟರರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು. ಹಳೆಯದನ್ನು ಅದರ ಪಕ್ಕ ಹಿಡಿದರು. ನೋಡಿದರು, ನೋಡಿದರು.

"ತೂತು ಮುಚ್ಚಿದೆ. ನಾಳೆ ಕಾಟು ಖಾಲಿ ಮಾಡಿ. ಹೊರಗೆ ಒಬ್ಬರು ಕಾಯುತ್ತಿದ್ದಾರೆ."

ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೂ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ಎದ್ದು ಡಾಕ್ಟರರ ಕಾಲಿಗೆ ಬಾಗಿದರು. ಡಾಕ್ಟರರು ಹಾವು ಕಂಡವರಂತೆ ಹಿಂದೆ ಜಿಗಿದರು.

"ಏ ಸಾಹೇಬ್ರ, ಒಂದೀಟ ನಗರಿ! ನನ್ನ ಸೊಸಿ ಉಳದಾಳ," ಎಂದರು ಅತ್ತೆ ಕನ್ನಡದಲ್ಲೇ.

ಅವರು ನಗಲಿಲ್ಲ. ಗುಳಿಗೆ ಇನ್ನೂ ಬಹಳ ದಿನ ನಡೆಯಬೇಕು, ತಪ್ಪಿಸಿದರೆ ತೂತು ಮತ್ತೆ ಬಿಚ್ಚುತ್ತದೆ, ಕಫ ಶುದ್ಧವಾಗಿದೆ, ಇನ್ನು ಯಾರಿಗೂ ತಗಲುವುದಿಲ್ಲ ಎಂದು ಸಿಸ್ಟರಿಗೆ ಹೇಳುತ್ತ ಹೋದರು. ಹೊರಟವರು ನನ್ನ ಕಾಟಿನ ಕಾಲ ಬಳಿ ನಿಂತರು. "ಜೂನಿನಲ್ಲಿ ಶಾಲೆ ಶುರುವಾಗುತ್ತದಲ್ಲ, ಹೋಗಿ. ಹಳೂ ಬೋಲಾ." ಮೆಲ್ಲಗೆ ಮಾತಾಡಿ ಎಂದು. ಅಷ್ಟೇ. ಸೇರಿದ ದಿನದಿಂದ ನನ್ನನ್ನು ನಂಬರಿನಿಂದಲೇ ಕರೆದ ಮನುಷ್ಯ ನನ್ನ ಶಾಲೆಯನ್ನು ಮರೆತಿರಲಿಲ್ಲ.

ಗಂಗವ್ವ ಬೆಲ್ಲದ ಮುದ್ದೆ ಮುರಿದು ಅತ್ತೆಯ ಬಾಯಿಗೆ ತುರುಕಿದಳು. ಅತ್ತೆ ಅಳುತ್ತಲೇ ಅಗಿದರು, ಅಗಿಯುತ್ತಲೇ ಬೈದರು: "ಗಾಣದಾಗ ಉಸುಕ ಬಿದ್ದೈತೆಲ್ಲಬೇ, ಇದನ್ನ ಇಷ್ಟ ದಿನಾ ಹೊಗಳಿದ್ಯಾ?" ಯಜಮಾನರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಗಂಗವ್ವನೂ ಮುಂದೆ ಆರಾಮಾಗಿ ನೇಸರಿಗೆ ಹೋದಳು, ಕನ್ನಡದಲ್ಲಿ ದುಂಡಗೆ ಸಹಿ ಮಾಡುವುದನ್ನು ಕಲಿತು.

ಜೂನಿನಲ್ಲಿ ಶಾಲೆಗೆ ಹೋದೆ. ಹೆಡ್‌ಮಾಸ್ತರರು ಬರಮಾಡಿಕೊಂಡರು, ಆದರೆ ನನ್ನ ತರಗತಿಗೆ ಹೋಗಿ ನೋಡಿದರೆ ಮಕ್ಕಳೆಲ್ಲ ಹಿಂದಿನ ಗೋಡೆಗೆ ಅಂಟಿಕೊಂಡು ಕೂತಿದ್ದರು. ನನಗೂ ಅವರಿಗೂ ನಡುವೆ ಇಡೀ ನೆಲ ಖಾಲಿ.

"ಯಾಕ ಅಲ್ಲಿ ಕುಂತೀರಿ?"

ಒಬ್ಬಳು ಎದ್ದು ಮುಚ್ಚುಮರೆಯಿಲ್ಲದೆ ಹೇಳಿದಳು: "ಅಕ್ಕಾವ್ರ ಸನೇಕ ಹೋಗಬ್ಯಾಡಂತ ಅವ್ವ ಹೇಳ್ಯಾಳ್ರಿ."

ಅವರ ಅವ್ವಂದಿರಿಗೆ ಕಫ ಶುದ್ಧವಾದ ಸಂಗತಿ ಹೇಳುವ ದಿನ ಬೇರೆ ಬಂದೀತು. ನಾನು ಕುರ್ಚಿಯಲ್ಲಿ ಕೂತು, ಡಾಕ್ಟರರು ಹೇಳಿದಷ್ಟೇ ಮೆಲ್ಲಗೆ ಒಂದು ಕತೆ ತೆಗೆದೆ. ಕಬ್ಬಿನ ಹೊಲಕ್ಕೆ ನುಗ್ಗಿದ ನರಿಯ ಕತೆ.

"ಕೇಳಸವಲ್ದ್ರಿ ಅಕ್ಕಾವ್ರ!"

ನಾನು ದನಿ ಏರಿಸಲಿಲ್ಲ.

"ನರಿ ಏನಂತರಿ? ಏನಂತು?"

ನರಿ ಏನೆಂದಿತೋ ಅದನ್ನು ಇನ್ನೂ ಮೆಲ್ಲಗೆ ಹೇಳಿದೆ. ಮುಂದಿನ ಸಾಲು ಚಾಪೆಯ ಸಮೇತ ಒಂದಿಷ್ಟು ಜರುಗಿತು. ಕತೆ ಕೇಳಿಸದ ಹಿಂದಿನ ಸಾಲು ಅದನ್ನು ದಬ್ಬಿತು. ನರಿ ಕಾವಲುಗಾರನ ಕೈಗೆ ಸಿಕ್ಕಿಬೀಳುವ ಹೊತ್ತಿಗೆ ನೆಲ ಅರ್ಧ ತುಂಬಿತ್ತು. ತಪ್ಪಿಸಿಕೊಂಡು ಹೋಗುವ ಹೊತ್ತಿಗೆ, ಅವ್ವನ ಮಾತು ಹೇಳಿದ್ದ ಹುಡುಗಿಯ ಮೊಣಕಾಲು ನನ್ನ ಪಾದಕ್ಕೆ ತಾಗುತ್ತಿತ್ತು.